ಕಪ್ಪಿಗೆ ಯಾವ ಎಣ್ಣಿ?

ಗೌರೀಶನಿಗೆ ಆ ದಿನ ಆದ ಪಜೀತಿಗೆ ಕಾರಣ ನೆಗಡಿ ಎಂದು ಅವನ ಹೆಂಡತಿ ಹೇಳುತ್ತಾಳೆ. ಹಣೆಬರಹ ಎಂದು ಮಾವ ಹೇಳುತ್ತಾರೆ. ಕಾರು ಎಂದು ಇಡೀ ಓಣಿ ಹೇಳುತ್ತದೆ. ನನ್ನನ್ನು ಕೇಳಿದರೆ ಕಾರಣ ಒಂದು ಮುಚ್ಚಳ. ಬಿಗಿಯಾಗಿ ಕೂಡುವ, ಒಂದು ಹನಿಯನ್ನೂ ಸೋರಗೊಡದ, ಬಲು ಒಳ್ಳೆಯ ಮುಚ್ಚಳ. ಅದರ ಕತೆ ಆಮೇಲೆ ಬರುತ್ತದೆ, ಮೊದಲು ಕಾರಿನದು ಕೇಳಿ.

ಕಾರು ಕೆಂಪಗಿತ್ತು. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಮುಂದಿನ ಎರಡು ದೀಪಗಳನ್ನು ಅಗಲಿಸಿಕೊಂಡು ಕೂತಿತೆಂದರೆ ಈಗ ಜಿಗಿದೀತು, ಆಗ ಜಿಗಿದೀತು ಅನ್ನಿಸುತ್ತಿತ್ತು. ಹೀಗಾಗಿ ಜಮಖಂಡಿಯ ಆ ಓಣಿಯವರೆಲ್ಲ ಸೇರಿ ಅದಕ್ಕೆ ಕಪ್ಪಿ ಎಂದು ಹೆಸರಿಟ್ಟಿದ್ದರು. ಗೌರೀಶ ಅದನ್ನು ಕೊಲ್ಹಾಪುರದಲ್ಲಿ ಹಳೆಯದನ್ನೇ ಕೊಂಡು, ಅಲ್ಲಿಯ ಒಬ್ಬ ಮಿಸ್ತ್ರಿಯ ಕೈಯಲ್ಲಿ ಎರಡು ವರ್ಷ ಬಿಡದೆ ತಿದ್ದಿಸಿದ್ದ. ದೊಡ್ಡ ಟರ್ಬೊ ಹಾಕಿಸಿದ. ತೋಳು ತೂರುವಷ್ಟು ದಪ್ಪ ಸೈಲೆನ್ಸರ್ ಕೂಡಿಸಿದ. ಸ್ಪ್ರಿಂಗುಗಳನ್ನು ಬಿಗಿ ಮಾಡಿಸಿದ. ಅವನ ನೌಕರಿ ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ, ಕಬ್ಬಿನ ಟ್ರಾಲಿ ತೂಗುವುದು. ಹಂಗಾಮು ಮುಗಿಯುವತನಕ ದಿನವಿಡೀ ಟ್ರ್ಯಾಕ್ಟರುಗಳು ತೇಕುತ್ತ ಬಂದು, ನಿಂತು, ತೇಕುತ್ತ ಹೋಗುವುದನ್ನೇ ನೋಡಿ ನೋಡಿ ಅವನ ಜೀವಕ್ಕೆ ವೇಗದ ಹಸಿವು ಹತ್ತಿಬಿಟ್ಟಿತ್ತು. ಅದು ಬಿಟ್ಟರೆ ಮನುಷ್ಯನಿಗೆ ಬೇರೆ ಚಟ ಇಲ್ಲ. ಚಹಾ ಕೂಡ ಅರ್ಧ ಕಪ್ಪು.

ಹೆಂಡತಿ ಮಧುಮತಿ ಕಪ್ಪಿಯನ್ನು ಸವತಿ ಎಂದು ಕರೆಯುತ್ತಿದ್ದರೂ ಅದರ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಕಾರಿನ ಸುದ್ದಿ ಬಂದಾಗ ಗಂಡನ ಮುಖ ಹೇಗೆ ಅರಳುತ್ತದೆ ಎಂದು ಅವಳಿಗೆ ಗೊತ್ತು, ಆ ಮುಖ ನೋಡುವುದು ಅವಳಿಗೆ ಇಷ್ಟ. ಆದರೆ ಹೋದ ಮೇ ತಿಂಗಳಲ್ಲಿ ಏಳು ತಿಂಗಳ ಬಸುರಿಯಾಗಿದ್ದ ಅವಳನ್ನು ಕುಬಸ ಮುಗಿಸಿ ಗಲಗಲಿಯ ತವರಿಗೆ ಬಿಡಲು ಗೌರೀಶ ಇದೇ ಕಪ್ಪಿಯಲ್ಲಿ ಹೊರಟ. ಅರ್ಧ ದಾರಿಗೆ ಎಂಜಿನ್ನು ಕಾದು, ಹೊಗೆ ಉಗುಳಿ, ನಿಂತೇಬಿಟ್ಟಿತು. ಆಚೀಚೆ ಮರದ ನೆರಳಿಲ್ಲ. ಅಷ್ಟರಲ್ಲಿ ಹಿಪ್ಪರಗಿಯ ಜಕ್ಕಪ್ಪ ತಿಪ್ಪೆಗೊಬ್ಬರ ಹೇರಿದ ಟ್ರ್ಯಾಕ್ಟರ್ ತಂದ. ಹಸಿರು ಬಳೆ, ಹೊಸ ಇಳಕಲ್ ಸೀರೆ, ಮುಡಿತುಂಬ ಹೂವು, ಇಷ್ಟೆಲ್ಲ ಸಿಂಗಾರದ ಮಧುಮತಿ ಮಡ್‌ಗಾರ್ಡಿನ ಮೇಲೆ ಕೂತು, ಬೆನ್ನ ಹಿಂದೆ ಒಂದು ಟ್ರಾಲಿ ಗೊಬ್ಬರದೊಂದಿಗೆ ತವರು ಸೇರಿದಳು. ಅಪ್ಪ ಬಸಗೊಂಡಪ್ಪ ಕಟ್ಟೆಯ ಮೇಲೆ ನಿಂತು ನೋಡಿದರು, ಏನೂ ಮಾತಾಡಲಿಲ್ಲ.

ಮಧುಮತಿ ಮಾತ್ರ ಅಂದೇ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದಳು. "ನಿಮ್ಮ ಗಾಡಿ ಮಾರ್‍ರಿ ಅನ್ನಂಗಿಲ್ಲ ನಾ. ಆದ್ರ ನನ್ನ, ಕೂಸಿನ್ನ ಕರಕೊಂಡ ಹೋಗಾಕ ಬರತೀರಲ್ಲ, ಅವತ್ತೇನರ ಇದು ಮತ್ತ ದಾರ್‍ಯಾಗ ನಿಂತರ, ಮರುದಿನಾನ ಮಾರಬೇಕು. ಆಣಿ ಮಾಡ್ರಿ."

ಗೌರೀಶ ಹುಟ್ಟಲಿರುವ ಕೂಸಿನ ಮೇಲೆ ಆಣೆ ಮಾಡಿದ.

ಈಗ ಡಿಸೆಂಬರ್. ಕೂಸು ನೇತ್ರಾಳಿಗೆ ಐದು ತಿಂಗಳು ತುಂಬಿತ್ತು. ತೊಟ್ಟಿಲ ಸಮೇತ ತಾಯಿ-ಮಗಳನ್ನು ಗಂಡನ ಮನೆಗೆ ಕರೆತರುವ ದಿನ ಗೊತ್ತಾಗಿತ್ತು, ದೀಪ ಹಚ್ಚುವುದರೊಳಗೆ ಕೂಸು ಹೊಸ್ತಿಲು ದಾಟಬೇಕು. ಕೊಲ್ಹಾಪುರದ ಮಿಸ್ತ್ರಿ ಎಂಜಿನ್ನು ಪೂರಾ ಬಿಚ್ಚಿ ಜೋಡಿಸಿಕೊಟ್ಟಿದ್ದ. ಆದರೆ ಕಳಿಸುವಾಗ ಒಂದು ಮಾತು ಹೇಳಿ ಗೌರೀಶನ ನಿದ್ದೆಗೆ ಕಲ್ಲು ಹಾಕಿದ್ದ. "ಇನ್ನ ಮ್ಯಾಲಿಂದೆಲ್ಲ ಎಣ್ಣಿ ಮ್ಯಾಲೈತ್ರಿ ಸಾಹೇಬ. ಸರೀ ಎಣ್ಣಿ ಹಾಕಿದ್ರ ಕುದುರಿ, ತಪ್ಪಿದ್ರ ಕತ್ತಿ."

ಸರಿಯಾದ ಎಣ್ಣೆ ಯಾವುದು? ಐದು-ನಲವತ್ತೋ, ಐದು-ಐವತ್ತೋ, ಹತ್ತು-ಅರವತ್ತೋ? ಮೊದಲಿನ ಅಂಕಿ ಎಣ್ಣೆ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ರೇಸಿನವರ ವಾಟ್ಸಾಪ್ ಗುಂಪು ಹತ್ತು-ಅರವತ್ತು ಅಂದಿತು. ಆದರೆ ಅವರಿಗೇನು, ಖಾಲಿ ಮೈದಾನದಲ್ಲಿ ಓಡಿಸುವವರು. ಇವನು ಓಡಿಸಬೇಕಾದದ್ದು ಕಬ್ಬಿನ ಟ್ರಾಲಿಗಳ ಹಿಂದೆ, ಒಂದನೇ ಗೇರಿನಲ್ಲಿ, ಬೀದಿಯ ಮೇಲೆ. ಗೌರೀಶ ಒಂದು ತಿಂಗಳು ವಿಚಾರ ಮಾಡಿದ. ಮದುವೆಗೆ ಕನ್ಯೆ ನೋಡಿದಾಗಲೂ ಅವನು ಇಷ್ಟು ವಿಚಾರ ಮಾಡಿರಲಿಲ್ಲ. ಮಧುಮತಿಯನ್ನು ಚಹಾ ಆರುವುದರೊಳಗೆ ಒಪ್ಪಿಕೊಂಡಿದ್ದ.

ಕೊನೆಗೆ ಐದು-ಐವತ್ತೇ ಎಂದು ಗಟ್ಟಿ ಮಾಡಿ, ಫಾರಿನ್ನಿನ ನಾಲ್ಕು ಲೀಟರಿನ ಡಬ್ಬಿಯೊಂದನ್ನು ಕೊಲ್ಹಾಪುರದಿಂದ ತರಿಸಿದ. ಅದು ಬಸ್ಸಿನ ಮೇಲೆ ಬಂದಿಳಿದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಕರಿಯ ಡಬ್ಬಿ, ಬಂಗಾರದ ಬಣ್ಣದ ಮುಚ್ಚಳ. ಗೌರೀಶನಿಗೆ ತಡೆಯಲಿಲ್ಲ, ಸೀಲು ಒಡೆದು ಒಳಗೆ ಇಣುಕಿದ. ತಿಳಿ ಹಳದಿ, ಜೇನಿನಂಥ ಎಣ್ಣೆ. ಮೂಸೋಣವೆಂದರೆ ಮೂಗು ಕಟ್ಟಿತ್ತು, ಕಾಟಾದ ಧೂಳಿಗೆ ಮೂರು ದಿನದಿಂದ ಜೋರು ನೆಗಡಿ. ಮುಚ್ಚಳ ತಿರುವಿ ಅವ್ವನ ಕೈಗೆ ಕೊಟ್ಟ.

"ಅವ್ವಾ, ಕೊಲ್ಹಾಪುರದ ಎಣ್ಣಿ ಬಂತು. ಭಾಳ ತುಟ್ಟಿದು. ಜ್ವಾಕಿಯಿಂದ ತಗದಿಡು."

"ಬಂತಾ ನನ್ನಪ್ಪಾ!" ಎಂದು ಮುತ್ತವ್ವ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎಂಜಿನ್ ಎಣ್ಣೆಗೆ ಅವ್ವ ಯಾಕೆ ಇಷ್ಟು ಸಂತೋಷಪಟ್ಟಳು ಎಂದು ಗೌರೀಶ ವಿಚಾರ ಮಾಡಬೇಕಿತ್ತು. ಮಾಡಲಿಲ್ಲ. ನೆಗಡಿಯ ಗುಳಿಗೆ ನುಂಗಿ ಮಲಗಿಬಿಟ್ಟ.

ಮರುದಿನ ಬೆಳಿಗ್ಗೆ ಎದ್ದವನೇ ಕಟ್ಟೆಯ ಮೇಲೆ ನಿಂತು ಮಿಸ್ತ್ರಿಗೆ ಫೋನು ಹಚ್ಚಿದ. ನೆಗಡಿಗೆ ದನಿ ದಪ್ಪಗಾಗಿತ್ತು, ಕಣ್ಣು ಕೆಂಪೇರಿದ್ದವು. ಎದುರು ಮನೆಯ ಶಂಕ್ರೆವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಆಕೆ ಕೇಳಿದ್ದು ಇಷ್ಟು.

"ಹೂಂ ಮಿಸ್ತ್ರಿ, ಇವತ್ತ ಎಣ್ಣಿ ಹಾಕೇಬಿಡತೇನಿ... ನಾಕೂ ಲೀಟರ್ ಪೂರಾ. ದೇಸಿದ ಅಲ್ರೀ, ಫಾರಿನ್ನಂದ... ಹಾಕಿದ್ದ ತಡಾ, ಸೀದಾ ಗಲಗಲಿಗೆ... ಎಷ್ಟ ಬಿಸಿ ಏರಿದ್ರೂ ತಡಕೊಂತೈತಿ ಬಿಡ್ರಿ..."

ಶಂಕ್ರೆವ್ವನ ಮೊರ ಅಲ್ಲಿಯೇ ನಿಂತಿತು. ಎಣ್ಣಿ ಹಾಕುವುದೆಂದರೆ ಏನು ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆಯ ಗಂಡ ಮೂವತ್ತು ವರ್ಷ ಹಾಕಿಕೊಂಡೇ ಹೋದವನು, ಆದರೆ ಅವನೂ ಕ್ವಾರ್ಟರ್ ದಾಟಿರಲಿಲ್ಲ. ನಾಕು ಲೀಟರ್! ಅದೂ ಹಸುಗೂಸನ್ನು ಕರೆತರಲು ಹೋಗುವಾಗ! ಶಂಕ್ರೆವ್ವ ಕೆಟ್ಟವಳಲ್ಲ. ಮಧುಮತಿಯ ಮೇಲಿನ ಕಕ್ಕುಲತೆಯಿಂದಲೇ ಆಕೆ ಒಳಗೆ ಹೋಗಿ, ಗಲಗಲಿಯಲ್ಲಿದ್ದ ತನ್ನ ತಂಗಿಗೆ ಫೋನು ಮಾಡಿದಳು. ತಂಗಿಯ ಮನೆ ಬಸಗೊಂಡಪ್ಪನವರ ಮನೆಗೆ ಗೋಡೆ ಹಚ್ಚಿ ಇತ್ತು.

ಗೌರೀಶ ಒಳಗೆ ಬಂದ. ಅವ್ವ ಮನೆಯಲ್ಲಿರಲಿಲ್ಲ, ಮೊಮ್ಮಗಳಿಗೆ ಕರಿಬಳೆ ತರಲು ಬಜಾರಕ್ಕೆ ಹೋಗಿದ್ದಳು. ಕರಿಯ ಡಬ್ಬಿ ಅಡುಗೆಮನೆಯ ಮಾಡದಲ್ಲಿ ದೇವರ ದೀಪದ ಪಕ್ಕದಲ್ಲೇ ಇತ್ತು. ಅವ್ವ ಎಷ್ಟು ಜೋಪಾನ ಮಾಡಿದ್ದಾಳೆಂದು ಅವನಿಗೆ ಹೆಮ್ಮೆ ಅನ್ನಿಸಿತು. ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಕಪ್ಪಿಯೊಂದಿಗೆ ಗಿರಮಲ್ಲಪ್ಪನ ಗ್ಯಾರೇಜಿಗೆ ಹೋದ.

ಗಿರಮಲ್ಲಪ್ಪ ಟ್ರ್ಯಾಕ್ಟರ್ ರಿಪೇರಿಯವನು. ಕಪ್ಪಿಯ ಹೊಟ್ಟೆ ಅವನ ಗುಂಡಿಯ ಮೇಲೆ ನಿಂತಾಗ ಯಾವಾಗಲೂ ನಾಲ್ಕು ಜನ ಕೂಡುತ್ತಿದ್ದರು. ಅಂದು ಬನಹಟ್ಟಿಯ ದುಂಡೇಶನೂ ಬಂದಿದ್ದ. ಅವನದು ಹನ್ನೆರಡು ಪವರ್‌ಲೂಮು.

"ಗೌರೀಶಣ್ಣಾ, ಮಗ್ಗದ ಎಣ್ಣಿ ಹಾಕಿ ನೋಡ. ನನ್ನ ಮಗ್ಗ ಹಗಲೂ ರಾತ್ರಿ ಬಡದಾಡತಾವು, ಒಂದ ದಿನ ಬಿಸಿ ಅಂದಿಲ್ಲ," ಎಂದ ದುಂಡೇಶ.

"ನಿನ್ನ ಮಗ್ಗ ಕುಂತಲ್ಲೇ ಬಡದಾಡತಾವು, ಗಲಗಲಿಗೆ ಹೋಗತಾವೇನ?" ಗಿರಮಲ್ಲಪ್ಪ ಗುಂಡಿಯೊಳಗಿಂದಲೇ ಗದರಿದ. "ಟ್ರ್ಯಾಕ್ಟರ್ ಎಣ್ಣಿ ಹಾಕ್ರಿ ಸಾಹೇಬ್ರ. ಇಪ್ಪತ್ತ ಟನ್ ಕಬ್ಬ ಎಳದದ್ದ ಎಣ್ಣಿ, ಒಂದ ಕೂಸಿನ್ನ ಎಳ್ಯಾಂಗಿಲ್ಲೇನು?"

"ಸುಮ್ಮನ ನಾ ತಂದದ್ದ ಹಾಕೋ ಮಾರಾಯಾ. ಐದು-ಐವತ್ತು, ಫಾರಿನ್ನಂದು," ಎಂದ ಗೌರೀಶ.

ಹಳೆಯ ಎಣ್ಣೆ ಪೂರಾ ಇಳಿಯಿತು. ಗಿರಮಲ್ಲಪ್ಪ ಗಟ್ಟಿ ಮುಚ್ಚಳ ತಿರುವಿ ಡಬ್ಬಿ ಬಗ್ಗಿಸಿದ. ಎಣ್ಣೆ ನಿಧಾನವಾಗಿ, ದಾರ ಕಡಿಯದ ಹಾಗೆ ಇಳಿಯತೊಡಗಿತು.

"ದಪ್ಪ ಐತ್ರಿ ಭಾಳ."

"ಐವತ್ತಂದ್ರ ದಪ್ಪ ಇರೂದ."

ಗಿರಮಲ್ಲಪ್ಪ ಒಂದು ಸಲ ಮೂಸಿದ. ಮತ್ತೊಂದು ಸಲ ಮೂಸಿದ. ಆ ಗಡುಸು ಮನುಷ್ಯನ ಕಣ್ಣು ತೇವವಾದವು. "ಯಾಕೋ ಏನೋ, ನಮ್ಮವ್ವ ನೆನಪಾದ್ಲು ನೋಡ್ರಿ. ಸಣ್ಣಾಂವ ಇದ್ದಾಗ ತೊಡಿ ಮ್ಯಾಲೆ ಹಾಕ್ಕೊಂಡ ಎರೀತಿದ್ಲು..."

"ಫಾರಿನ್ ಎಣ್ಣಿ ಹಂಗ ಇರತೈತಿ," ಎಂದ ಗೌರೀಶ. ಮೂಗು ಕಟ್ಟಿದವನಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುವಂತಿರಲಿಲ್ಲ.

ಕಪ್ಪಿ ಹೊರಟಿತು. ಗೌರೀಶ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕಾವಿನ ಮುಳ್ಳಿನ ಮೇಲೆ ಇಟ್ಟಿದ್ದ. ಮುಳ್ಳು ಅರ್ಧಕ್ಕೆ ಬಂದು ಊಟವಾದ ಮುದುಕನ ಹಾಗೆ ಅಲ್ಲೇ ಒರಗಿಬಿಟ್ಟಿತು. ಎರಡು ಟ್ರಾಲಿಯ ಟ್ರ್ಯಾಕ್ಟರುಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳಿದರೂ ಮುಳ್ಳು ಅಲುಗಲಿಲ್ಲ. ಮೇ ತಿಂಗಳಲ್ಲಿ ನಿಂತ ಜಾಗ ದಾಟಿದಾಗ ಗೌರೀಶ ಸ್ಟೀರಿಂಗು ತಟ್ಟಿ, "ಐದು-ಐವತ್ತು! ಐದು-ಐವತ್ತು!" ಎಂದು ಒಬ್ಬನೇ ಕೂಗಿದ. ಖುಷಿ ತಾಳದೆ ಗಾಡಿ ಬದಿಗೆ ಹಾಕಿ ಮಧುಮತಿಗೆ ಫೋನು ಮಾಡಿದ. ದಾರಿಯ ಗಾಳಿಗೆ ಮೂಗು ಇನ್ನಷ್ಟು ಕಟ್ಟಿದ್ದರಿಂದ ಅವನ ಮಕಾರ, ನಕಾರಗಳೆಲ್ಲ ಬೇರೆಯಾಗಿ ಹೊರಟವು.

"ಬಧೂ, ದಾ ಬರಾಕತ್ತೇದಿ! ಎಣ್ಣಿ ಹಾಕಿದ್ದ ಹಾಕಿದ್ದು, ಏದ ಬಜಾ ಅಂತಿ!"

ಮಧುಮತಿ ಸಣ್ಣ ದನಿಯಲ್ಲಿ, "ನಿಧಾನ ಬರ್‍ರಿ. ಬಂದ್ರ ಸಾಕು," ಎಂದಳು.

ಗಲಗಲಿಯಲ್ಲಿ ಬಸಗೊಂಡಪ್ಪನವರ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಯಾರೂ ಬರ್‍ರಿ ಅನ್ನಲಿಲ್ಲ. ಗೌರೀಶ ಇಳಿದ. ಕೆಂಪು ಕಣ್ಣು. ಇಳಿಯುವಾಗ ಕಾರು ಗಿಡ್ಡವಾದ್ದರಿಂದ ಎಂದಿನಂತೆ ಒಂದು ಸಲ ತೂರಾಡಿದ. ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

"ಬಾವಾರ, ದಬಸ್ಕಾರ," ಎಂದ ಗೌರೀಶ, ಆಮೇಲೆ ಮಾತು ತಿಳಿಯಾಗಲೆಂದು ಮೂಗು ಸೀಟಿಕೊಂಡ.

ಬಸಗೊಂಡಪ್ಪ ಎದ್ದು ನಿಂತರು. ಅವರು ಮಾತು ಕಡಿಮೆಯ ಮನುಷ್ಯ. ತಿಪ್ಪೆಗೊಬ್ಬರದ ದಿನವೂ ಮಾತಾಡದವರು ಅಂದು ಮಾತಾಡಿದರು. "ಅಳಿಯಾರ, ಮಗಳನ್ನ ಗೊಬ್ಬರದ ಟ್ರಾಲ್ಯಾಗ ಕಳಿಸಿದ್ರಿ, ತಡಕೊಂಡೆ. ಆದ್ರ ಹಿಂಗ ನಾಕ್ ಲೀಟರ್ ಎಣ್ಣಿ ಹಾಕಿಕೊಂಡ ಬಂದ್ರ ಕೂಸಿನ್ನ ಹ್ಯಾಂಗ ಕೊಟ್ಟ ಕಳಸಲಿ ಹೇಳ್ರಿ?"

"ನಾಕ್ ಲೀಟರ್ ಬೇಕ ಬೇಕಲ್ರೀ ಮಾವಾರ! ಮೂರ ಹಾಕಿದ್ರ ಸಾಲಂಗಿಲ್ಲ!"

ಕಟ್ಟೆಯ ಮೇಲೆ ಒಬ್ಬ ಮುದುಕ ಶಿವ ಶಿವಾ ಎಂದ.

"ಬಾಯಿ ತಗೀರಿ," ಎಂದರು ಬಸಗೊಂಡಪ್ಪ.

ಗೌರೀಶ ಗಾಬರಿಯಾಗಿ ಬಾಯಿ ತೆರೆದ. ಮಾವ ಹತ್ತಿರ ಬಂದು ಮೂಸಿದರು. ಅಂಗಿ ಮೂಸಿದರು, ಕೈ ಮೂಸಿದರು. ಅವರ ಮುಖ ಗಂಟು ಬಿಚ್ಚಿದಂತೆ ನಿಧಾನವಾಗಿ ಸಡಿಲವಾಯಿತು.

"ಔಡಲೆಣ್ಣಿ," ಎಂದರು. ಅಂದರೆ ಹರಳೆಣ್ಣೆ. ಕಟ್ಟೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. "ಔಡಲೆಣ್ಣಿ ವಾಸನಿ ಐತ್ರೆಪಾ ಮೈತುಂಬ. ನೆತ್ತಿಗೆ ಎಣ್ಣಿ ಹಚ್ಚಿ ಎರಕೊಂಡ ಬಂದಾರ. ಅದಕ್ಕ ನೆಗಡಿ ಆಗೇತಿ, ಕಣ್ಣ ಕೆಂಪಾಗ್ಯಾವು. ಸಂಸಾರಸ್ಥ ಮನಶ್ಯಾ. ಕುಡುಕರ ಮೈ ಹಿಂಗ ನಾರತೈತೇನ?"

"ಅದು ಫಾರಿನ್ ಎಣ್ಣಿ ವಾಸನಿ ಮಾವಾರ, ಗಾಡಿಗೆ ಹಾಕಿದ್ದು, ಜರಾ ಕೈಗೆ ಹತ್ತಿರಬೇಕು," ಎಂದು ಗೌರೀಶ ವಿವರಿಸಲು ಹೋದ. ಗಾಡಿಗೆ ಎಂಬ ಒಂದು ಶಬ್ದಕ್ಕೆ, ನಾಕು ಲೀಟರ್ ಕುಡಿದದ್ದು ಕಾರು ಎಂದು ತಿಳಿದು, ಕಟ್ಟೆಯೆಲ್ಲ ನಕ್ಕಿತು. ಉಳಿದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ಬಾಗಿಲ ಮರೆಯಲ್ಲಿ ಮಧುಮತಿ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು. "ಜೀವಾ ಕೈಯಾಗ ಹಿಡಕೊಂಡಿದ್ನಿರೀ. ನಮ್ಮವರು ಅಂಥಾವ್ರಲ್ಲ ಅಂತ ಮುಂಜಾನಿಂದ ಎಲ್ಲಾರ ಕೂಡ ಜಗಳಾಡೇನಿ," ಎಂದು ಕೂಸನ್ನು ಅವನ ಕೈಗಿಟ್ಟಳು.

ನೇತ್ರಾ ಅಳುತ್ತಿತ್ತು. ಅದು ಅಳುವುದರಲ್ಲಿ ಹೆಸರು ಮಾಡಿದ ಕೂಸು. ಹೊತ್ತು ಇಳಿಯತೊಡಗಿದರೆ ರಾಗ ತೆಗೆದು ಅಜ್ಜಿ, ಅಜ್ಜ, ನೆರೆಮನೆಯವರು ಎಲ್ಲರ ತೋಳನ್ನೂ ದಣಿಸುತ್ತಿತ್ತು. ಗೌರೀಶ ಅದನ್ನು ಎದೆಗೆ ಹಿಡಿದ. ಕೂಸು ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು, ಮೂಗು ಅಲ್ಲಿಯೇ ತುರುಕಿ, ಒಂದು ಗಳಿಗೆ ಸುಮ್ಮನಾಯಿತು. ಅಪ್ಪನ ಗುರುತು ಸಿಕ್ಕಿತು ಕೂಸಿಗೆ ಎಂದುಕೊಂಡ.

ಊಟ ಮುಗಿಯಿತು. ತೊಟ್ಟಿಲು ಹೊರಗೆ ಬಂತು. ಹಸಿರು-ಕೆಂಪು ಅರಗಿನ ಬಣ್ಣದ, ನಾಲ್ಕು ಗಿಣಿ ಕೂತ ಕಟ್ಟಿಗೆಯ ತೊಟ್ಟಿಲು. ಕಪ್ಪಿಯ ಡಿಕ್ಕಿಯಲ್ಲಿ ಅದರ ಒಂದು ಗಿಣಿ ಕೂಡ ಹಿಡಿಸಲಿಲ್ಲ. ಬಸಗೊಂಡಪ್ಪ ಎತ್ತಿನ ಹಗ್ಗ ತಂದು ತೊಟ್ಟಿಲನ್ನು ಕಾರಿನ ತಲೆಯ ಮೇಲೆ ಬಿಗಿದು ಕಟ್ಟಿದರು. ಗಂಟೆಗೆ ಇನ್ನೂರು ಮೈಲಿಯ ಕನಸು ಕಂಡ ಕಪ್ಪಿ ತೊಟ್ಟಿಲು ಹೊತ್ತು ನಿಂತಿತು.

"ಮಾತ ನೆನಪೈತಲ್ರೀ?" ಎಂದಳು ಮಧುಮತಿ, ಒಳಗೆ ಕೂರುತ್ತ.

"ಐತಿ. ದಾರ್‍ಯಾಗ ನಿಂತರ ನಾಳೆ ಮಾರತೇನಿ," ಎಂದ ಗೌರೀಶ.

ಊರು ದಾಟುವುದರೊಳಗೆ ನೇತ್ರಾ ತಾರಕಕ್ಕೆ ಏರಿದಳು. ಮಧುಮತಿ ತಟ್ಟಿದಳು, ಹಾಡಿದಳು, ಗಿಲಕಿ ಆಡಿಸಿದಳು. ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮುಂದೆ ಕಬ್ಬಿನ ಟ್ರಾಲಿಗಳ ಸಾಲು, ಒಂದರ ಹಿಂದೊಂದು ಒಂಬತ್ತು ಗಾಡಿ. ಕಪ್ಪಿ ಅವುಗಳ ಹಿಂದೆ ಒಂದನೇ ಗೇರಿನಲ್ಲಿ ಗೊರಗೊರ ಎನ್ನುತ್ತ ತೆವಳಿತು. ಎಂಜಿನ್ನು ಚೆನ್ನಾಗಿ ಕಾಯಿತು. ಗೌರೀಶ ಮುಳ್ಳು ನೋಡುತ್ತಿದ್ದ. ಮುಳ್ಳು ಅರ್ಧಕ್ಕೇ ನಿಂತಿತ್ತು. ಆಗ ಅವನಿಗೆ ಏನೋ ಕೊರತೆಯಾದಂತೆ ಅನ್ನಿಸಿ ಪಕ್ಕಕ್ಕೆ ತಿರುಗಿದ. ಅಳು ನಿಂತಿತ್ತು. ನೇತ್ರಾ ನಿದ್ದೆ ಹೋಗಿದ್ದಳು.

"ಏನರ ಕೊಟ್ಟೇನ?" ಎಂದ ಪಿಸುಮಾತಿನಲ್ಲಿ.

"ಏನೂ ಇಲ್ರೀ. ತಾನ ಮಲಗಿತು. ಹಗಲಿನ್ಯಾಗ ಹಿಂಗ ಮಲಗಿದ್ದ ನಾ ಕಂಡೇ ಇಲ್ಲ." ಮಧುಮತಿ ಗಾಳಿ ಮೂಸಿದಳು. "ಗಾಡಿ ಎಷ್ಟ ಛಲೋ ನಾರಾಕತ್ತೈತ್ರಿ."

ದಾರಿ ತೆರವಾದಾಗ ಗೌರೀಶ ತಡೆಯಲಾರದೆ ಒಂದು ಸಲ ಕಾಲು ಒತ್ತಿದ. ಕಪ್ಪಿ ಜಿಗಿಯಿತು, ಎರಡು ಟ್ರಾಲಿ ಹಿಂದೆ ಸರಿದವು, ನೇತ್ರಾ ಎದ್ದು ಕಿಟಾರನೆ ಕಿರುಚಿದಳು. ಕಾಲು ತೆಗೆದ. ಮತ್ತೆ ಇಪ್ಪತ್ತರ ಗತಿ, ಮತ್ತೆ ನಿದ್ದೆ. ಅಲ್ಲಿಂದ ಜಮಖಂಡಿಯತನಕ ಕಪ್ಪಿ ಎಲ್ಲಿಯೂ ನಿಲ್ಲಲಿಲ್ಲ. ಹೊತ್ತು ಇನ್ನೂ ಮೇಲಿರುವಾಗಲೇ ಓಣಿ ಹೊಕ್ಕಿತು. ಮಧುಮತಿ ಗಂಡನ ಕೈಮೇಲೆ ಕೈಯಿಟ್ಟು, "ಗೆದ್ರಿ ನೋಡ್ರಿ," ಎಂದಳು. ಗೌರೀಶನಿಗೆ ಕೂಸಿನಂತೆ ಅತ್ತುಬಿಡೋಣ ಅನ್ನಿಸಿತು.

ಎಂಜಿನ್ನು ಬಂದ್ ಮಾಡಿದ. ಅತ್ತದ್ದು ನೇತ್ರಾ.

ಮುತ್ತವ್ವ ಆರತಿ ಹಿಡಿದು ಬಂದಳು. ಅಳುವ ಕೂಸಿಗೆ ಆರತಿಯಾಯಿತು, ಅಳುವ ಕೂಸು ಹೊಸ್ತಿಲು ದಾಟಿತು. ತೊಟ್ಟಿಲನ್ನು ಜಂತಿಯ ಕೊಂಡಿಗೆ ಕಟ್ಟಿ ಮಲಗಿಸಿದರೆ ತೊಟ್ಟಿಲೂ ಅಳುತ್ತಿದೆಯೇನೋ ಅನ್ನಿಸುವಷ್ಟು ಅತ್ತಿತು. "ಉಷ್ಣ ಆಗೇತಿ ಕೂಸಿಗೆ. ನೆತ್ತಿಗೆ ಎಣ್ಣಿ ಹಾಕಿದ್ರ ತಣ್ಣಗಾಕ್ಕೈತಿ," ಎಂದು ಮುತ್ತವ್ವ ಮಾಡದ ಕಡೆ ಹೋದಳು. ಅಲ್ಲಿ ನಿಂತು ಕೂಗಿದಳು. "ಗೌರೀಶಾ, ನನ್ನ ಔಡಲೆಣ್ಣಿ ಡಬ್ಬಿ ಎಲ್ಲೋ? ನಮ್ಮ ಬದುವಿನ ಔಡಲಾ ಹುರದು, ಕುಟ್ಟಿ, ಕುದಿಸಿ, ಕೂಸಿಗಂತ ತುಂಬಿಟ್ಟಿದ್ನಲ್ಲಾ, ಕರೀ ಡಬ್ಬಿಯೊಳಗ?"

ಗೌರೀಶ ಓಡಿಬಂದ. "ಅವ್ವಾ... ಅದರಾಗ ಇದ್ದ ಎಣ್ಣಿ?"

"ಮೊಣಕಾಲ ಎಣ್ಣಿ? ಅದನ್ನ ಸ್ಟೀಲ್ ಡಬರ್‍ಯಾಗ ಸುರುವಿಟ್ಟೇನಿ. ಅಷ್ಟ ಛಲೋ ಮುಚ್ಚಳದ ಡಬ್ಬಿ, ನಮ್ಮಂಥಾ ಮುದಿಕ್ಯಾರ ಎಣ್ಣಿಗೆ ಯಾಕಂತ ಬಿಸಿನೀರಾಗ ತೊಳದು, ಒರಿಸಿ, ಕೂಸಿನ ಎಣ್ಣಿ ತುಂಬಿದ್ನಿ."

"ಮೊಣಕಾಲ ಎಣ್ಣಿ?"

"ನೀನ ಅಲ್ಲೇನೋ ಹೂಂ ಅಂದಾಂವ? ಹೋದ ತಿಂಗಳ ನೀ ಗಾಡಿ ಬುಡಕ ಮಲಗಿದ್ದಿ, ಕೊಲ್ಹಾಪುರದಿಂದ ಮೊಣಕಾಲ ನೋವಿನ ಎಣ್ಣಿ ತರಿಸಪಾ ಅಂದೆ, ಹೂಂ ಅಂದಿ. ವಾಸನಿ ಕೆಟ್ಟಿತ್ತು ಖರೆ, ಆದ್ರ ಔಷಧ ಅಂದ್ರ ಹ್ಯಾಂಗ ಇರತೈತಿ?"

ಅದೇ ಹೊತ್ತಿಗೆ ಶಂಕ್ರೆವ್ವ ಬಂದಳು. ಬೆಳಗಿನ ಫೋನಿನ ನಾಚಿಕೆಗೆ ಸೆರಗು ತಲೆಯ ಮೇಲಿತ್ತು, ಆದರೆ ನಡಿಗೆ ಮಾತ್ರ ಹುಡುಗಿಯದು. ಕೈಯಲ್ಲಿ ಖಾಲಿ ಬಟ್ಟಲು. "ಮುತ್ತವ್ವಾ, ಇನ್ನೊಂದೀಟ ಕೊಡ ಬೇ ಆ ಎಣ್ಣಿ. ಮೂರ ಸಲ ಹಚ್ಚೇನಿ, ಕಟಕಟ ಅನ್ನೂದ ನಿಂತೈತಿ. ಆ ಕಡಿ ಸೋಮವ್ವನೂ ಕೇಳಾಕತ್ತಾಳ."

ಗೌರೀಶ ಡಬರಿಯ ಮುಚ್ಚಳ ತೆಗೆದು ನೋಡಿದ. ಒಂದು ತಿಂಗಳು ನಿದ್ದೆಗೆಟ್ಟು ಆರಿಸಿದ ಐದು-ಐವತ್ತು ಓಣಿಯ ಮೊಣಕಾಲುಗಳಿಗೆ ಹಂಚಿಹೋಗಿ ತಳಕ್ಕೆ ಅರ್ಧ ಲೀಟರ್ ಉಳಿದಿತ್ತು. ಅವನು ಮಿಸ್ತ್ರಿಗೆ ಫೋನು ಹಚ್ಚಿದ. ಕೂಸಿನ ಗದ್ದಲಕ್ಕೆ ಕೇಳದೆ ಸ್ಪೀಕರಿಗೆ ಹಾಕಿದ.

ಮಿಸ್ತ್ರಿ ನಕ್ಕದ್ದು ಮನೆಯವರಿಗೆಲ್ಲ ಕೇಳಿಸಿತು. "ಏನೂ ಆಗಂಗಿಲ್ರೀ ಸಾಹೇಬ! ಹಿಂದಕಿನ ಕಾಲಕ್ಕ ರೇಸಿನ ಗಾಡಿಗೆ ಇದ ಔಡಲೆಣ್ಣಿ ಹಾಕತಿದ್ರಂತ ನಮ್ಮ ಉಸ್ತಾದ ಹೇಳತಿದ್ದ. ಕಾವಿಗೆ ಇದರಂಥಾದ್ದ ಮತ್ತೊಂದಿಲ್ಲ. ಆದ್ರ ಇಟ್ರ ಅಂಟ ಆಕ್ಕೈತಿ. ನಾಳೆನ ತಗದಬಿಡ್ರಿ. ಇಲ್ಲಾಂದ್ರ ವಾರಕ್ಕೊಮ್ಮೆ ತಗದು ಹೊಸಾದ್ದ ಹಾಕಬೇಕಾಕ್ಕೈತಿ, ಅಷ್ಟ ಯಾರು ಮಾಡತಾರ?"

"ನಾಳೆನ ತಗಸ್ತೇನಿ," ಎಂದ ಗೌರೀಶ. ಜೀವ ಬಂದಂತಾಯಿತು. ಕಪ್ಪಿ ಉಳಿಯಿತು, ಆಣೆಯೂ ಉಳಿಯಿತು.

ಅಷ್ಟರಲ್ಲಿ ಹೊರಗೆ ಕಪ್ಪಿಯ ಬಾಗಿಲು ತೆಗೆದ ಸದ್ದಾಯಿತು. ಮಧುಮತಿ ಅಳುವ ಕೂಸನ್ನು ಎತ್ತಿಕೊಂಡು ಕಾರಿನೊಳಗೆ ಕೂತಿದ್ದಳು. ದಿನಾ ಎರೆಯುವ ಮುಂಚೆ ಕೂಸಿನ ನೆತ್ತಿಗೆ ಇಡುವ ಎಣ್ಣೆಯ ವಾಸನೆ ಯಾವುದು, ಗಾಡಿಯ ವಾಸನೆ ಯಾವುದು ಎಂದು ಕೂಡಿಸಿ ಲೆಕ್ಕ ಹಾಕಲು ಅವಳಿಗೆ ಹೆಚ್ಚು ಹೊತ್ತು ಹಿಡಿದಿರಲಿಲ್ಲ.

"ಚಾಲೂ ಮಾಡ್ರಿ," ಎಂದಳು.

ಗೌರೀಶ ಚಾಲೂ ಮಾಡಿದ. ಗೊರಗೊರ ಶುರುವಾಯಿತು. ಬಾನೆಟ್ಟಿನಿಂದ ಬಿಸಿ ಔಡಲೆಣ್ಣೆಯ ಕಂಪು ತೇಲಿ ಬಂತು. ನೇತ್ರಾ ಬಿಕ್ಕಿದಳು, ಆಕಳಿಸಿದಳು, ಕಣ್ಣು ಮುಚ್ಚಿದಳು. ಓಣಿಯೆಲ್ಲ ಬಾಯಿ ಬಿಟ್ಟು ನೋಡಿತು. ಪರೀಕ್ಷೆಗೆಂದು ಗೌರೀಶ ಬಂದ್ ಮಾಡಿದ. ನೇತ್ರಾ ಕಣ್ಣು ತೆರೆದು ಬಾಯಿ ಅಗಲಿಸಿದಳು. "ಬಂದ್ ಮಾಡಬ್ಯಾಡೋ!" ಎಂದು ಅವ್ವ, ಶಂಕ್ರೆವ್ವ, ಮಧುಮತಿ ಮೂವರೂ ಒಂದೇ ದನಿಯಲ್ಲಿ ಕೂಗಿದರು. ಮತ್ತೆ ಚಾಲೂ ಮಾಡಿದ.

"ಈ ಗಾಡಿ ಇನ್ನ ಎಂದೂ ಮಾರಂಗಿಲ್ರೀ," ಎಂದಳು ಮಧುಮತಿ, ನಗು ತಡೆದು. "ಎಣ್ಣಿನೂ ಬದಲ ಮಾಡಂಗಿಲ್ಲ. ವಾರಕ್ಕೊಮ್ಮೆ ಇದನ್ನ ಹಾಕಸ್ರಿ."

"ಮಧೂ, ಇದು ಸ್ಪೋರ್ಟ್ಸ್ ಕಾರು!"

"ಇದ್ದರ ಇರಲೇಳೋ," ಎಂದಳು ಮುತ್ತವ್ವ. "ಔಡಲಾ ಬದುವಿನ ಮ್ಯಾಲೆ ಬೇಕಾದಷ್ಟ ಬೆಳೀತೈತಿ. ಕೂಸಿಗೆಷ್ಟ, ನಿನ್ನ ಕಪ್ಪಿಗೆಷ್ಟ, ಕುದಿಸಿ ಕೊಡತೇನಿ. ಕೂಸು ಮಲಗತೈತಲ್ಲ, ನಡೀ, ಒಂದ ಸುತ್ತ ಹಾಕ್ಕೊಂಡ ಬಾ."

ಗೌರೀಶ ಸುತ್ತು ಹಾಕಲು ಹೊರಟ. ಮುಧೋಳದ ರಸ್ತೆಯಲ್ಲಿ ಸಂಜೆಯ ಬಿಸಿಲು ಕಬ್ಬಿನ ಸೋಗೆಗಳ ಮೇಲೆ ಮಲಗಿತ್ತು. ಕೆಟ್ಟ ಗಡಿಯಾರದ ಹಾಗೆ ಇಪ್ಪತ್ತಕ್ಕೆ ನಿಂತ ವೇಗದ ಮುಳ್ಳನ್ನು ನೋಡುತ್ತ ಅವನು ಓಡಿಸಿದ. ಪಕ್ಕದಲ್ಲಿ ಕೂಸು ಮಲಗಿತ್ತು. ಕೂಸಿನ ಮೇಲೆ ಕೈ ಇಟ್ಟುಕೊಂಡು ಐದು ತಿಂಗಳ ನಿದ್ದೆ ಬಾಕಿ ಇದ್ದ ಮಧುಮತಿಯೂ ಮಲಗಿದ್ದಳು. ಅವಳ ತಲೆ ಗೌರೀಶನ ಹೆಗಲಿಗೆ ಬಂದು ಒರಗಿತು. ಅವನು ಗೇರು ಬದಲಿಸಲಿಲ್ಲ, ಬದಲಿಸಿದರೆ ಹೆಗಲು ಅಲುಗುತ್ತಿತ್ತು.

ಹಿಂದಿನಿಂದ ಹಾರ್ನು ಕೇಳಿಸಿತು. ಎರಡು ಟ್ರಾಲಿ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ಕಪ್ಪಿಯ ಬೆನ್ನಿಗೇ ಬಂದಿತ್ತು. ಗೌರೀಶ ಕೈ ಹೊರಗೆ ಹಾಕಿ ಮುಂದೆ ಹೋಗು ಎಂದು ಸನ್ನೆ ಮಾಡಿದ. ಟ್ರ್ಯಾಕ್ಟರು ತೇಕುತ್ತ ಪಕ್ಕಕ್ಕೆ ಬಂತು. ಮೇಲೆ ಹಿಪ್ಪರಗಿಯ ಜಕ್ಕಪ್ಪ ಕೂತಿದ್ದ. ಅವನು ಕೆಂಪು ಕಾರನ್ನು ನೋಡಿದ, ಒಳಗೆ ಮಲಗಿದ ತಾಯಿ-ಮಗಳನ್ನು ನೋಡಿದ, ಅವನಿಗೆ ಮೇ ತಿಂಗಳು ನೆನಪಾಯಿತು. ಹಾರ್ನಿನಿಂದ ಕೈ ತೆಗೆದು, ಬಗ್ಗಿ, ಮೆಲ್ಲಗೆ ಕೇಳಿದ.

"ಮತ್ತ ನಿಂತೈತೇನ್ರೀ ಸಾಹೇಬ್ರ?"

"ಇಲ್ಲೋ ಜಕ್ಕಪ್ಪಾ," ಎಂದ ಗೌರೀಶ, ಅಷ್ಟೇ ಮೆಲ್ಲಗೆ. "ಓಡಾಕತ್ತೈತಿ."

ಜಕ್ಕಪ್ಪ ತಲೆಯಾಡಿಸಿ, ಎರಡು ಟ್ರಾಲಿ ಕಬ್ಬಿನೊಂದಿಗೆ ಕಪ್ಪಿಯನ್ನು ಹಿಂದೆ ಹಾಕಿ ಹೋದ.